ಐಲಾ ದ್ವೀಪದಲ್ಲಿ ಹೊಗೆಯ ವಿಚಾರಣೆ

ಗ್ಲಾಸ್ಗೋ

ಕೊಡಗಿನ ನಾಪೋಕ್ಲು ಸುತ್ತಮುತ್ತ ವಿಸ್ಕಿಯ ಬಗ್ಗೆ ಅಭಿಪ್ರಾಯವಿಲ್ಲದ ಗಂಡಸು ಸಿಗುವುದು ಕಷ್ಟ. ನಾನೂ ಅದಕ್ಕೆ ಹೊರತಲ್ಲ. ಮದುವೆ ಮನೆಯಲ್ಲಿ ಗ್ಲಾಸನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, 'ಪರವಾಗಿಲ್ಲ' ಎಂದು ತೀರ್ಪು ಕೊಡುವ ಅಧಿಕಾರವನ್ನು ಮೂವತ್ತು ವರ್ಷಗಳಿಂದ ಚಲಾಯಿಸಿಕೊಂಡು ಬಂದಿದ್ದೇನೆ. ಮನೆಯಲ್ಲಿ ಕುಡಿಯುವುದು ಮಾತ್ರ ಪಕ್ಕದ ತೋಟದ ನಿವೃತ್ತ ಸುಬೇದಾರರ ಮಿಲಿಟರಿ ಕ್ಯಾಂಟೀನ್ ರಮ್.

ಹೀಗಿರುವಾಗ ಗ್ಲಾಸ್ಗೋದಲ್ಲಿ ನರ್ಸ್ ಆಗಿರುವ ನನ್ನ ನಾದಿನಿ ವನಜಾ, 'ಬಾವ, ಸ್ಕಾಚ್ ಹುಟ್ಟುವ ಜಾಗಕ್ಕೇ ಬನ್ನಿ' ಎಂದು ಕರೆದಳು. ನಾನು ಮತ್ತು ಹೆಂಡತಿ ಗಿರಿಜಾ ಮೇ ತಿಂಗಳಲ್ಲಿ ಹೊರಟೆವು. ಗ್ಲಾಸ್ಗೋ ಮುಟ್ಟಿದ ಮೇಲೆ ತಿಳಿಯಿತು, ವನಜಳಿಗೆ ರಜೆ ಸಿಕ್ಕಿಲ್ಲ. ಐಲಾ ಎಂಬ ದ್ವೀಪದ ಒಂದು ಡಿಸ್ಟಿಲರಿಯಲ್ಲಿ ನಮ್ಮಿಬ್ಬರ ಹೆಸರಿನಲ್ಲಿ ವಿಸ್ಕಿ ರುಚಿ ನೋಡುವ ಟಿಕೆಟ್ ಮಾಡಿಸಿ, ನಮ್ಮ ಕೈಗೆ ಎರಡು ರೇನ್‌ಕೋಟು ಕೊಟ್ಟು, 'ಅಲ್ಲಿಯ ವಿಸ್ಕಿ ಪೂರ್ತಿ ಹೊಗೆ ಬಾವ, ಹೊಗೆಗೇ ಪ್ರಸಿದ್ಧಿ' ಎಂದಳು.

ಹೊಗೆ ಎಂಬ ಶಬ್ದ ಕೇಳಿದ ಕೂಡಲೇ ಗಿರಿಜಾ ಎದ್ದು ಒಳಗೆ ಹೋದಳು. ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಇಲ್ಲಿ ಒಂದು ಸಂಗತಿ ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ.

ಒಂದೂವರೆ ವರ್ಷದ ಹಿಂದೆ, ಡಿಸೆಂಬರಿನ ಕೊಯ್ಲಿನ ನಡುವೆ, ಹೇಳದೆ ಕೇಳದೆ ನಾಲ್ಕು ದಿನ ಮಳೆ ಹಿಡಿಯಿತು. ತೊಳೆದ ಕಾಫಿಯನ್ನು ಕಣದಲ್ಲಿ ಹರಡುವಂತಿಲ್ಲ. ಸೌದೆ ಒಲೆಯ ಬಿಸಿಗಾಳಿಯಲ್ಲಿ ಕಾಫಿ ಒಣಗಿಸುವ ಹಳೆಯ ಡ್ರೈಯರ್ ಒಂದು ನಮ್ಮಲ್ಲಿದೆ. ಇಪ್ಪತ್ತೈದು ವರ್ಷಗಳಿಂದ ಅದರ ಯಜಮಾನಿಕೆ ಗಿರಿಜಳದು. ಒಂದು ಹಿಡಿ ಕಾಳನ್ನು ಮೂಗಿಗೆ ಹಿಡಿದು, ಇನ್ನೆಷ್ಟು ಗಂಟೆ ಬೇಕು ಎಂದು ಹೇಳಿಬಿಡುತ್ತಾಳೆ. ನನ್ನ ಕೆಲಸ ಒಂದೇ: ಒಲೆ ಹಚ್ಚುವ ಮೊದಲು ಏಣಿ ಹತ್ತಿ ಚಿಮಣಿಯ ತಗಡನ್ನು ಎಳೆದು ತೆರೆಯುವುದು. ಅವತ್ತು ನಾನು ಒಲೆ ಹಚ್ಚಿದೆ, ತಗಡು ಮರೆತೆ, ನಾಪೋಕ್ಲಿಗೆ ಇಸ್ಪೀಟಿಗೆ ಹೋದೆ.

ಸಂಜೆ ಬಂದು ನೋಡಿದರೆ ಶೆಡ್ಡಿನ ತುಂಬ ಹೊಗೆ. ಗಿರಿಜಾ ಕೆಮ್ಮುತ್ತಾ ಸೌದೆ ಹೊರಗೆಳೆಯುತ್ತಿದ್ದಳು. ನಾನು ಹಿಂದಿನಿಂದ ಸದ್ದಿಲ್ಲದೆ ಏಣಿ ಹತ್ತಿ ತಗಡು ಎಳೆದೆ. ಮರುದಿನ ಬೆಳಿಗ್ಗೆ ಕೆಲಸದವರೆಲ್ಲ ಕಣದಲ್ಲಿ ಸೇರಿದ್ದಾಗ ಒಂದು ಹಿಡಿ ಕಾಫಿ ಮೂಸಿ, ಎಲ್ಲರಿಗೂ ಕೇಳುವಂತೆ, 'ಹಸಿ ಸೌದೆ ತುರುಕಿದ್ದೀಯಲ್ಲ, ಇಷ್ಟು ವರ್ಷವಾದರೂ ಬುದ್ಧಿ ಬರಲಿಲ್ಲವಾ?' ಎಂದು ಕೂಗಾಡಿದೆ. ಜೋರಾಗಿ ಕೂಗುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬ ಲೆಕ್ಕಾಚಾರ ನನ್ನದು. 'ಸೌದೆ ಒಣಗಿತ್ತು' ಎಂದು ಅವಳು ಒಂದೇ ಒಂದು ಸಲ ಹೇಳಿದಳು.

ಕಾಫಿ ಹದ ಮಾಡುವ ಕ್ಯೂರಿಂಗ್ ಕಾರ್ಖಾನೆಯಲ್ಲಿ ರುಚಿ ನೋಡಿದವನು 'ಹೊಗೆ' ಎಂದು ಬರೆದು ಆ ಮಾಲನ್ನೆಲ್ಲ ತಿರಸ್ಕರಿಸಿದ. ಅಂದಿನಿಂದ ಗಿರಿಜಾ ಡ್ರೈಯರ್ ಶೆಡ್ಡಿಗೆ ಕಾಲಿಡಲಿಲ್ಲ. 'ನನ್ನ ಮೂಗು ಸತ್ತಿತು' ಎಂದು ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಕೇಳಿಸಿಕೊಂಡೆ. ಹೇಳಬೇಕು, ಇವತ್ತು ಹೇಳಬೇಕು ಎಂದು ಒಂದೂವರೆ ವರ್ಷ ಕಳೆಯಿತು. ಈಗ ನೋಡಿದರೆ, ಜಗತ್ತಿನಲ್ಲಿ ಇಷ್ಟೊಂದು ಜಾಗಗಳಿರುವಾಗ, ನಾದಿನಿ ನಮ್ಮಿಬ್ಬರನ್ನು ಹೊಗೆಯ ದ್ವೀಪಕ್ಕೇ ಕಳಿಸುತ್ತಿದ್ದಳು.

ಹಡಗು

ಹಡಗು ಹೊರಟ ಹತ್ತು ನಿಮಿಷಕ್ಕೆ ನನ್ನ ಹೊಟ್ಟೆ ಬೇರೆ ದಿಕ್ಕಿಗೆ ಹೊರಟಿತು. ಕಬ್ಬಿಣದ ಕಂಬಿಯನ್ನು ತಬ್ಬಿಕೊಂಡು ನಿಂತೆ. ಗಿರಿಜಾ ಮಾತ್ರ ಮಡಿಕೇರಿ ಬಸ್ಸಿನಲ್ಲಿ ಕೂತ ಹಾಗೆ ಆರಾಮಾಗಿ ಕೂತು, ಪಕ್ಕದ ಅಜ್ಜಿಯ ಜೊತೆ ಹರಟತೊಡಗಿದಳು. ಅವಳು ಮಡಿಕೇರಿಯ ಕಾನ್ವೆಂಟಿನಲ್ಲಿ ಓದಿದವಳು. ನನ್ನ ಇಂಗ್ಲಿಷು ಗೊಬ್ಬರದ ಚೀಲದ ಮೇಲಿನ ಬರಹ ಓದಿ ಕಲಿತದ್ದು.

ಆ ಅಜ್ಜಿಯ ಹೆಸರು ಮೊರಾಗ್. ನಾವು ಉಳಿಯಬೇಕಾದ ಮನೆಯ ಒಡತಿಯೇ ಅವರು ಎಂದು ಅರ್ಧ ದಾರಿಯಲ್ಲಿ ತಿಳಿಯಿತು. ಹೊರಗೆ ಜಿಟಿಜಿಟಿ ಮಳೆ, ಮೂಳೆ ಕೊರೆಯುವ ಗಾಳಿ. ಮೊರಾಗ್ ಆಕಾಶ ನೋಡಿ, 'ಎಂಥ ಸೊಗಸಾದ ದಿನ!' ಎಂದರು. ಮಳೆಯ ವಿಷಯ ಬಂದರೆ ಕೊಡಗಿನವನು ಸಾಯುವ ಸ್ಥಿತಿಯಲ್ಲಿದ್ದರೂ ಎದ್ದು ಕೂರುತ್ತಾನೆ. ನಾನು ಕಂಬಿ ಬಿಟ್ಟು ಬಂದು, 'ನಿಮ್ಮಲ್ಲಿ ವರ್ಷಕ್ಕೆ ಎಷ್ಟು ಇಂಚು?' ಎಂದು ಕೇಳಿದೆ.

'ಅಳತೆ ಮಾಡಿಲ್ಲ. ಮಳೆ ಬಂದರೆ ಒದ್ದೆಯಾಗುತ್ತೇವೆ, ಅಷ್ಟೇ' ಎಂದರು ಮೊರಾಗ್.

ನಮ್ಮಲ್ಲಿ ಒಂದೆಕರೆ ಕಾಫಿ ಇದ್ದವನ ಅಂಗಳದಲ್ಲೂ ಮಳೆ ಅಳೆಯುವ ಡಬ್ಬ ಇರುತ್ತದೆ. ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದನ್ನು ನೋಡಿ, ನೆರೆಯವನಿಗೆ ಫೋನು ಮಾಡಿ, ಅವನಿಗಿಂತ ನಮಗೆ ಜಾಸ್ತಿ ಬಿದ್ದಿದ್ದರೆ ಇಡೀ ದಿನ ಸಂತೋಷದಲ್ಲಿರುತ್ತೇವೆ. ಇಷ್ಟು ಮಳೆ ಇಟ್ಟುಕೊಂಡು ಅಳೆಯದೆ ಬದುಕುವ ಜನ ವಿಸ್ಕಿ ಹೇಗೆ ಅಳೆದಾರು ಎಂಬ ಯೋಚನೆ ಬಂತು. ಅಷ್ಟರಲ್ಲಿ ಹಡಗು ಮತ್ತೊಮ್ಮೆ ಹೊರಳಿತು. ನಾನು ಕಂಬಿಗೆ ವಾಪಸಾದೆ.

ಮೊರಾಗ್ ಮನೆ

ಮರುದಿನ ಬೆಳಿಗ್ಗೆ ತಿಂಡಿಗೆ ಕೂತೆವು. ಮೊದಲು ಬಂದದ್ದು ಹೊಗೆ ಹಾಕಿದ ಮೀನು. ಆಮೇಲೆ ಹೊಗೆ ಹಾಕಿದ ಚೀಸು. ಅಗ್ಗಿಷ್ಟಿಕೆಯಲ್ಲಿ ಉರಿಯುತ್ತಿದ್ದದ್ದು ಸೌದೆಯಲ್ಲ, ಇಟ್ಟಿಗೆಯ ಹಾಗೆ ಕತ್ತರಿಸಿದ ಕಪ್ಪು ಮಣ್ಣು. ಅದಕ್ಕೆ ಪೀಟ್ ಎನ್ನುತ್ತಾರಂತೆ. ಜೌಗು ನೆಲದಲ್ಲಿ ಹುಲ್ಲು, ಪಾಚಿ ಸಾವಿರಾರು ವರ್ಷ ಕೊಳೆತು ಆದ ಮಣ್ಣು. ಗಿರಿಜಾ ಒಂದು ತುಂಡನ್ನು ಕೈಯಲ್ಲಿ ಹಿಡಿದು, ತಿರುವಿ, ಮೂಸಿ ನೋಡಿದಳು.

'ಇವು ಮಣ್ಣ್‌ನ ಒಣಗಿಸಿ ಸುಡ್ತಾ ಒಳೊ, ನೋಡಿ!' ಎಂದಳು. ಮನೆಯಲ್ಲಿ ನಾವು ಆಡುವುದು ಅರೆಭಾಷೆ; ಅದರಲ್ಲಿ 'ಒಳೊ' ಎಂದರೆ ಇದ್ದಾರೆ, 'ಉಟ್ಟು' ಎಂದರೆ ಉಂಟು. 'ನಮ್ಮ ಗದ್ದೆಲಿ ಇಂಥ ಮಣ್ಣ್ ಎಷ್ಟ್ ಉಟ್ಟು!'

'ಹೂಂ' ಎಂದೆ.

'ಈ ಊರಿನವಕ್ಕೆ ಹೊಗೆ ಅಂದರೆ ಎಷ್ಟ್ ಪ್ರೀತಿ ಅಲ್ಲ?'

ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿದ ನೆಪ ಮಾಡಿ ನಾನು ನೀರು ಕುಡಿದೆ. ಮೊರಾಗ್ ಓಡಿ ಬಂದು ಬೆನ್ನು ಗುದ್ದಿದರು. ಎಪ್ಪತ್ತು ದಾಟಿದ ಹೆಂಗಸಾದರೂ ಕೈ ಬಲವಾಗಿತ್ತು.

ಒಣಗಿಸುವ ಕೋಣೆ

ಡಿಸ್ಟಿಲರಿಯ ಹೆಸರು ಬರೆಯುವುದಿಲ್ಲ. ಬರೆದರೂ ಓದಲು ಬರುವುದಿಲ್ಲ; ಅಕ್ಷರ ಒಂದು ದಾರಿ, ಉಚ್ಚಾರ ಒಂದು ದಾರಿ. ಬೆಳಿಗ್ಗೆ ಒಂಬತ್ತೂವರೆಗೇ ನಮ್ಮನ್ನು ಕರೆದಿದ್ದರು. ನಮ್ಮ ಕಡೆ ಆ ಹೊತ್ತಿಗೆ ಬಾಟಲಿ ತೆರೆದರೆ ಮನೆಯಲ್ಲಿ ಮದುವೆಯಾಗಿರಬೇಕು, ಇಲ್ಲ ಸಾವಾಗಿರಬೇಕು. ಒಟ್ಟು ಹತ್ತು ಜನ ಸೇರಿದ್ದೆವು. ಇಬ್ಬರು ಸ್ವೀಡನ್ನಿನ ಗೆಳೆಯರು, ಜರ್ಮನಿಯ ಗಂಡ ಹೆಂಡತಿ, ಇಂಗ್ಲೆಂಡಿನ ಒಂದು ಕುಟುಂಬ, ಮತ್ತೆ ನಾವು. ತೋರಿಸಲು ಬಂದವನು ಯೂವನ್, ಕೆಂಪು ಗಡ್ಡದ ಆರಡಿ ಆಳು. ಅವನ ಇಂಗ್ಲಿಷಿನಲ್ಲಿ ನಾಲ್ಕರಲ್ಲಿ ಒಂದು ಮಾತು ನನಗೆ ದಕ್ಕುತ್ತಿತ್ತು. ಉಳಿದದ್ದನ್ನು ಗಿರಿಜಾ ಹೇಳಿಕೊಟ್ಟಳು.

ಮೊಳಕೆ ಬಂದ ಬಾರ್ಲಿಯನ್ನು ನೆಲದ ಮೇಲೆ ಹರಡಿದ್ದರು. ಅದನ್ನು ಕಂಡದ್ದೇ ಗಿರಿಜಳ ನಡಿಗೆ ಬದಲಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ ಒಂದು ಹಿಡಿ ಎತ್ತಿ, ಒಂದು ಕಾಳು ಕಚ್ಚಿ ನೋಡಿದಳು. 'ಮುಟ್ಟಬಾರದು' ಎನ್ನಲು ಬಾಯಿ ತೆರೆದ ಯೂವನ್ ಅವಳು ಕಚ್ಚುವ ರೀತಿ ನೋಡಿ ಬಾಯಿ ಮುಚ್ಚಿದ. ಒಂದೂವರೆ ವರ್ಷದ ಮೇಲೆ ಅವಳು ಒಣಗಿಸುವ ಕಾಳೊಂದನ್ನು ಮುಟ್ಟಿದ್ದಳು. ನನಗೆ ಖುಷಿಯೂ ಆಯಿತು, ಹೆದರಿಕೆಯೂ ಆಯಿತು.

ಕೆಳಗೆ ಒಲೆ, ಮೇಲೆ ತೂತು ತೂತಿನ ನೆಲ, ಅದರ ಮೇಲೆ ಬಾರ್ಲಿ. ಕಾಳು ಒದ್ದೆಯಿರುವಾಗ ಪೀಟ್ ಹೊಗೆ ಕೊಡುತ್ತಾರೆ, ಒದ್ದೆ ಸಿಪ್ಪೆಗೆ ಹೊಗೆ ಚೆನ್ನಾಗಿ ಅಂಟುತ್ತದೆ. ಆಮೇಲೆ ಬರೀ ಬಿಸಿಗಾಳಿ. ಗಿರಿಜಾ ಕೇಳಿದ್ದೇ ಕೇಳಿದ್ದು: ಎಷ್ಟು ಹೊತ್ತು, ಎಷ್ಟು ದಪ್ಪ ಹರಡುತ್ತೀರಿ, ಎಷ್ಟು ಸಲ ಮಗುಚುತ್ತೀರಿ. ಇಂಗ್ಲೆಂಡಿನ ಮಕ್ಕಳು ಆಕಳಿಸತೊಡಗಿದರು. ಯೂವನ್ ಮಾತ್ರ ಉಳಿದವರನ್ನು ಮರೆತು ಅವಳಿಗೆ ಉತ್ತರ ಕೊಡುತ್ತಿದ್ದ.

ಆಗ ಅವಳ ಕಣ್ಣು ಗೋಡೆಯ ಮೇಲಿದ್ದ ಒಂದು ಹಿಡಿಕೆಯ ಮೇಲೆ ಬಿತ್ತು. ಅದರ ತುದಿಗೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ಕಬ್ಬಿಣದ ತಗಡು.

'ಇಂಥದ್ದೇ ತಗಡ್ ನಮ್ಮ ಡ್ರೈಯರಿಗೂ ಉಟ್ಟಲ್ಲ' ಎಂದು ನನಗೆ ಹೇಳಿ, ಯೂವನ್ ಕಡೆ ತಿರುಗಿದಳು. 'ಒಂದು ಪ್ರಶ್ನೆ. ಚಿಮಣಿಯ ತಗಡು ಮುಚ್ಚಿದೆ ಎಂದಿಟ್ಟುಕೊಳ್ಳಿ. ಸೌದೆ ಚೆನ್ನಾಗಿ ಒಣಗಿದೆ. ಆಗ ಕಾಳಿಗೆ ಹೊಗೆ ಹಿಡಿಯುತ್ತದೋ?'

'ಸೌದೆ ಒಣಗಿದ್ದರೇನು, ಹಸಿಯಿದ್ದರೇನು?' ಎಂದು ಯೂವನ್ ನಕ್ಕ. 'ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ಹೊಗೆ ಕಾಳಿಗೇ ಬರುತ್ತದೆ. ಅದು ತಗಡು ಮುಚ್ಚಿದವನ ತಪ್ಪು.'

ಗಿರಿಜಾ ಆ ತಗಡನ್ನೇ ನೋಡುತ್ತಾ ನಿಂತಳು. ನನ್ನ ಕಡೆ ನೋಡಲಿಲ್ಲ. ಆ ಕೋಣೆಯಲ್ಲಿ ಒಲೆ ಹೊತ್ತಿಸಿರಲಿಲ್ಲ, ಆದರೂ ನನ್ನ ಅಂಗಿ ಬೆನ್ನಿಗೆ ಅಂಟಿತ್ತು.

ರುಚಿ ನೋಡುವ ಮೇಜು

ಉದ್ದನೆಯ ಮೇಜು. ದೊಡ್ಡವರಲ್ಲಿ ಒಬ್ಬೊಬ್ಬರ ಮುಂದೆ ಮೂರು ಪುಟ್ಟ ಗ್ಲಾಸು, ಒಂದು ಹಾಳೆ, ಒಂದು ಪೆನ್ಸಿಲು. ನಡುನಡುವೆ ಬಿಸ್ಕತ್ತು, ಚಿಕ್ಕ ಚಿಕ್ಕ ಹೂಜಿಗಳು. ಹಾಳೆಯಲ್ಲಿ ಬಣ್ಣ, ವಾಸನೆ, ರುಚಿ ಬರೆಯಬೇಕು. ಕೊನೆಯ ಪ್ರಶ್ನೆ: 'ಈ ವಾಸನೆ ನಿಮಗೆ ಯಾವ ಜಾಗವನ್ನು, ಯಾವ ದಿನವನ್ನು ನೆನಪಿಗೆ ತರುತ್ತದೆ?' ಬರೆದಾದ ಮೇಲೆ ಪಕ್ಕದವರು ಹಾಳೆ ಬದಲಾಯಿಸಿಕೊಂಡು, ಒಬ್ಬರದನ್ನು ಇನ್ನೊಬ್ಬರು ಗಟ್ಟಿಯಾಗಿ ಓದಬೇಕು. ಅದು ಅಲ್ಲಿಯ ಪದ್ಧತಿ ಎಂದ ಯೂವನ್.

ನನಗೆ ಧೈರ್ಯ ಬಂತು. ಏಕೆಂದರೆ ಬೆಳೆಗಾರರಿಗೆಂದು ನಡೆಸಿದ ಕಾಫಿ ರುಚಿ ನೋಡುವ ತರಗತಿಗೆ ಎರಡು ದಿನ ಹೋಗಿ ಬಂದವನು ನಾನು. ಅಲ್ಲಿ ಚಮಚದಿಂದ ಕಾಫಿಯನ್ನು 'ಸೊರ್ರ್' ಎಂದು ಎಳೆದು, ಬಾಯಿಯ ತುಂಬ ಆಡಿಸಿ, ಪಕ್ಕದ ಪಾತ್ರೆಗೆ ಉಗುಳಬೇಕು. ಸದ್ದು ಜಾಸ್ತಿಯಾದಷ್ಟೂ ಪರಿಣತ ಎಂದು ಅರ್ಥ. ನಾನು ಮೊದಲ ಗ್ಲಾಸನ್ನು ಎತ್ತಿ, ಕಣ್ಣು ಮುಚ್ಚಿ, ಸದ್ದು ಗೋಡೆಗೆ ಬಡಿದು ವಾಪಸು ಬರುವಂತೆ ಎಳೆದೆ. ಜರ್ಮನಿಯ ಹೆಂಗಸು ಕುರ್ಚಿ ಹಿಂದಕ್ಕೆ ಸರಿಸಿದಳು. ಆಮೇಲೆ ಗಾಂಭೀರ್ಯದಿಂದ ಪಕ್ಕದ ಹೂಜಿಗೆ ಉಗುಳಿದೆ.

ಅದು ಉಗುಳುವ ಪಾತ್ರೆಯಲ್ಲ, ಎಲ್ಲರೂ ವಿಸ್ಕಿಗೆ ಹನಿ ಹನಿಯಾಗಿ ಬೆರೆಸಿಕೊಳ್ಳಲು ಇಟ್ಟ ನೀರು. ವಿಸ್ಕಿಗೆ ಹದಿನಾರು ವರ್ಷ ವಯಸ್ಸಾಗಿತ್ತು ಎಂದು ಯೂವನ್ ಮೆಲ್ಲಗೆ ಹೇಳಿ, ಎರಡೂ ಕೈಯಲ್ಲಿ ಹೂಜಿ ಹಿಡಿದು ಹೊರಗೆ ಒಯ್ದ. ಸ್ವೀಡನ್ನಿನವರು ಮುಖ ಮುಚ್ಚಿಕೊಂಡು ನಗುತ್ತಿದ್ದರು. 'ಮರ್ಯಾದೆಲಿ ನುಂಗಿ' ಎಂದಳು ಗಿರಿಜಾ.

ಎರಡನೆಯದನ್ನು ನುಂಗಿದೆ. ಮೂರನೆಯದು ಆ ದ್ವೀಪದಲ್ಲೇ ಹೆಚ್ಚು ಹೊಗೆಯ ವಿಸ್ಕಿಯಂತೆ. ಗ್ಲಾಸು ಇನ್ನೂ ಮೇಜಿನ ಮೇಲಿರುವಾಗಲೇ ವಾಸನೆ ಎದ್ದು ಬಂತು. ಮೊದಲು ಸುಟ್ಟ ಹಗ್ಗ, ಆಸ್ಪತ್ರೆಯ ಬ್ಯಾಂಡೇಜು, ಸಮುದ್ರದ ಉಪ್ಪು. ಬಾಯಿಗೆ ಹಾಕಿದಾಗ ಕೆನ್ನೆಗೆ ಬಾರಿಸಿದ ಹಾಗಾಯಿತು. ಕಾಫಿಯಾಗಿದ್ದರೆ ಅಲ್ಲೇ ಸೊನ್ನೆ ಕೊಟ್ಟು ಎದ್ದು ಬರುತ್ತಿದ್ದೆ. ಹೊಸ ಹೂಜಿಯಿಂದ ಎರಡು ಹನಿ ನೀರು ಬಿಟ್ಟು ಮತ್ತೆ ನೋಡಿದೆ. ಹೊಗೆ ಸ್ವಲ್ಪ ಸರಿದು ನಿಂತಿತು. ಅದರ ಹಿಂದೆ ಬೆಲ್ಲದ ಪಾಕ, ಕಿತ್ತಳೆ ಸಿಪ್ಪೆ, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿದ ಹಂದಿಮಾಂಸದ ಜಿಡ್ಡು ಎಲ್ಲ ಒಂದೊಂದಾಗಿ ಬಂತು. ನುಂಗಿದ ಮೇಲೂ ಬಹಳ ಹೊತ್ತು ಬಾಯಲ್ಲಿ ಉಳಿಯಿತು. ಮದುವೆ ಮನೆಯಲ್ಲಿ ಮೂವತ್ತು ವರ್ಷ ಕೊಟ್ಟ ತೀರ್ಪುಗಳೆಲ್ಲ ಸುಳ್ಳು ಎಂದು ನನಗೆ ಅನಿಸಿತು. ಇದು ನಿಜವಾಗಿ ಒಳ್ಳೆಯ ವಿಸ್ಕಿ.

ಯಾಕೆ ಒಳ್ಳೆಯದು ಎಂದು ಬರೆಯಲು ಪೆನ್ಸಿಲು ಹಿಡಿದೆ. ಇವರು ಹೊಗೆಯನ್ನು ಬೇಕೆಂದೇ ಹಾಕುತ್ತಾರೆ, ಹಾಕಿದ್ದೇವೆ ಎಂದು ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. ನಾನೂ ಹೊಗೆ ಹಾಕಿದವನೇ. ಆದರೆ ಅದರ ಮೇಲೆ ಹೆಂಡತಿಯ ಹೆಸರು ಬರೆದುಬಿಟ್ಟಿದ್ದೆ. ನನಗೆ ನಾಚಿಕೆಯಾಯಿತು. ಬಾಯಿಗೆ ಒಂದೂವರೆ ವರ್ಷ ಬರದ ಮಾತು ಕೈಗೆ ಬಂತು. ಕೊನೆಯ ಪ್ರಶ್ನೆಯ ಕೆಳಗೆ ಕನ್ನಡದಲ್ಲಿ ಬರೆದೆ:

'ನಮ್ಮ ಡ್ರೈಯರ್ ಶೆಡ್. ಡಿಸೆಂಬರಿನ ಮಳೆ. ಚಿಮಣಿಯ ತಗಡು ಮುಚ್ಚಿತ್ತು. ತೆರೆಯಲು ಮರೆತವನು ನಾನು. ಆಮೇಲೆ ಕದ್ದು ತೆರೆದವನೂ ನಾನು. ಸೌದೆ ಒಣಗಿತ್ತು.'

ಬರೆದ ಮರುಗಳಿಗೆಯೇ ಧೈರ್ಯ ಇಳಿಯಿತು. ಹಾಳೆಯನ್ನು ಬಿಸ್ಕತ್ತಿನ ತಟ್ಟೆಯ ಕೆಳಗೆ ತಳ್ಳುತ್ತಿದ್ದೆ, ಗಿರಿಜಾ ಎಳೆದುಕೊಂಡಳು.

ಒಬ್ಬೊಬ್ಬರಾಗಿ ಓದಿದರು. ಸ್ವೀಡನ್ನಿನವನಿಗೆ ಅವನ ತಾತನ ಮೀನುಬಲೆ ನೆನಪಾಗಿತ್ತು. ಜರ್ಮನಿಯವನಿಗೆ ಅಪೆಂಡಿಕ್ಸ್ ತೆಗೆದ ಆಸ್ಪತ್ರೆ. ನನ್ನ ಪಾಲಿಗೆ ಬಂದ ಗಿರಿಜಳ ಹಾಳೆಯಲ್ಲಿ ಮೂರೂ ಗ್ಲಾಸಿನ ಬಣ್ಣ, ವಾಸನೆ, ರುಚಿ ನೀಟಾಗಿ ಬರೆದಿತ್ತು, ಕೊನೆಯ ಪ್ರಶ್ನೆಯ ಜಾಗ ಖಾಲಿಯಿತ್ತು. ಅವಳು ನನ್ನ ಹಾಳೆಯನ್ನು ಒಮ್ಮೆ ಮನಸ್ಸಿನಲ್ಲೇ ಓದಿದಳು. ಮತ್ತೊಮ್ಮೆ ಓದಿದಳು. ಅವಳ ಕುತ್ತಿಗೆ ಕೆಂಪಾಗುವುದು ಕಾಣುತ್ತಿತ್ತು.

'ಅದು ಯಾವ ಲಿಪಿ? ಎಷ್ಟು ದುಂಡಗಿದೆ! ಇಂಗ್ಲಿಷಿನಲ್ಲಿ ಹೇಳಿ' ಎಂದ ಯೂವನ್.

ಎಲ್ಲರೂ ಅವಳ ಕಡೆ ತಿರುಗಿದರು. ನಾನು ಗ್ಲಾಸಿನ ತಳ ನೋಡುತ್ತಾ ಕೂತೆ. ಅವಳು ಗಂಟಲು ಸರಿ ಮಾಡಿಕೊಂಡು, ಕಾನ್ವೆಂಟಿನ ಇಂಗ್ಲಿಷಿನಲ್ಲಿ, ಓದುವವಳ ಹಾಗೆಯೇ ಹಾಳೆಯ ಮೇಲೆ ಕಣ್ಣಿಟ್ಟು ಹೇಳಿದಳು: 'ನನ್ನ ಗಂಡ ಬರೆದಿದ್ದಾರೆ, ಈ ವಾಸನೆಯಿಂದ ಅವರಿಗೆ ನಾನು ಒಣಗಿಸುವ ಕಾಫಿ ನೆನಪಾಯಿತಂತೆ. ಇಪ್ಪತ್ತೈದು ವರ್ಷದಲ್ಲಿ ನನ್ನಷ್ಟು ಚೆನ್ನಾಗಿ ಕಾಫಿ ಒಣಗಿಸುವವರನ್ನು ಅವರು ನೋಡಿಲ್ಲವಂತೆ.'

ಎಲ್ಲರೂ ಚಪ್ಪಾಳೆ ತಟ್ಟಿದರು. ಜರ್ಮನಿಯ ಹೆಂಗಸು ತನ್ನ ಗಂಡನ ಭುಜಕ್ಕೆ ಗುದ್ದಿ, 'ನೋಡಿ ಕಲಿ' ಎಂದಳು. ನನಗೆ ತಲೆ ಎತ್ತಲಾಗಲಿಲ್ಲ. ನಾನು ಅವಳನ್ನು ಜನರ ಮುಂದೆ ಬಿಟ್ಟುಕೊಟ್ಟಿದ್ದೆ. ಅವಳು ನನ್ನನ್ನು ಬಿಟ್ಟುಕೊಡಲಿಲ್ಲ. ಅಳು ಬಂತು, ಹೊಗೆಯ ಮೇಲೆ ಹಾಕಿ ಕಣ್ಣೊರೆಸಿಕೊಂಡೆ.

ಬಸ್ ಸ್ಟಾಪು

ಹೊರಗೆ ಬಂದು ಬಸ್ಸಿಗೆ ನಿಂತೆವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಕುರಿಗಳು, ನಡುವೆ ರೇನ್‌ಕೋಟನ್ನು ಹರಿಯುವಂಥ ಗಾಳಿ. ಸ್ವೀಡನ್ನಿನ ಗೆಳೆಯರೂ ಅಲ್ಲೇ ನಿಂತಿದ್ದರು. ಗಿರಿಜಾ ಗಡಿಯಾರ ನೋಡಿದಳು.

'ಈಗ ಇಲ್ಲಿ ಹನ್ನೊಂದೂವರೆ. ಅಲ್ಲಿ ನಾಲ್ಕು ಗಂಟೆ. ಎಲ್ಲರೂ ಕಣಲಿ ಒಳೊ. ಮೊಯ್ದುಗೆ ಫೋನ್ ಮಾಡಿ.'

ಮೊಯ್ದು ನಮ್ಮ ತೋಟದ ಲೆಕ್ಕಪತ್ರ ನೋಡುವ ರೈಟರ್. ಆ ಹೊತ್ತಿಗೆ ಕೆಲಸದವರನ್ನೆಲ್ಲ ನಿಲ್ಲಿಸಿ ಹಾಜರಿ ಹಾಕುತ್ತಾನೆ.

'ಊರಿಗೆ ಹೋಗಿ ನಿಧಾನಲಿ ಹೇಳ್ನೆ' ಎಂದೆ.

'ಬೈದದ್ದ್ ಎಲ್ಲರ ಎದುರು. ಇದನ್ನೂ ಎಲ್ಲರ ಎದುರೇ ಹೇಳೊಕು. ಮಾಡಿ ಫೋನ್.'

ಮಾಡಿದೆ. ದುರದೃಷ್ಟಕ್ಕೆ ಮೊದಲ ರಿಂಗಿಗೇ ಎತ್ತಿದ. ನಾಪೋಕ್ಲಿನಲ್ಲಿ ನಿಂತರೆ ಸಿಗದ ಸಿಗ್ನಲ್ಲು ಸ್ಕಾಟ್ಲೆಂಡಿನಿಂದ ಸ್ಪಷ್ಟವಾಗಿ ಸಿಕ್ಕಿತು.

'ಮೊಯ್ದು, ಸ್ಪೀಕರಿಗೆ ಹಾಕು. ಎಲ್ಲರೂ ಇದ್ದಾರಾ?'

'ಇದ್ದಾರೆ ಸಾರ್. ಎಂಥ ಸಾರ್, ಅಮ್ಮ ಹುಷಾರುಂಟಲ್ಲಾ?'

'ಹುಷಾರುಂಟು. ಕೇಳಿ ಎಲ್ಲರೂ. ಆ ವರ್ಷ ಕಾಫಿಗೆ ಹೊಗೆ ಹಿಡಿದದ್ದು ಅಮ್ಮನಿಂದ ಅಲ್ಲ. ಚಿಮಣಿಯ ತಗಡು ತೆರೆಯಲು ನಾನು ಮರೆತದ್ದು. ಸುಮ್ಮನೆ ಅಮ್ಮನಿಗೆ ಬೈದೆ. ತಪ್ಪು ನನ್ನದು.'

ಮೊಯ್ದು ಹೇಳಿದ, 'ಸಾರ್, ಸರಿ ಕೇಳ್ಲಿಲ್ಲ. ಗಾಳಿ ಸಾರ್ ಅಲ್ಲಿ. ಒಂಚೂರು ಗಟ್ಟಿ ಹೇಳಿ.'

ಫೋನಿಗೆ ಕೈ ಅಡ್ಡ ಹಿಡಿದು ಗಟ್ಟಿಯಾಗಿ ಹೇಳಿದೆ. ಸ್ವೀಡನ್ನಿನವರು ಮಾತು ನಿಲ್ಲಿಸಿದರು.

'ತಗಡು ಅಂತ ಕೇಳಿತು ಸಾರ್. ಮರೆತದ್ದು ಯಾರು ಅಂತ ಕೇಳ್ಲಿಲ್ಲ.'

'ನಾನು! ನಾನು ಮರೆತದ್ದು! ತಪ್ಪು ನನ್ನದು!' ಎಂದು ಐಲಾ ದ್ವೀಪ ಪೂರ್ತಿ ಕೇಳುವಂತೆ ಕಿರುಚಿದೆ. ಕುರಿಗಳೆಲ್ಲ ಮೇಯುವುದು ಬಿಟ್ಟು ತಲೆ ಎತ್ತಿದವು.

'ಇನ್ನೊಂದ್ಸಲ ಹೇಳಿ ಸಾರ್, ಹಿಂದೆ ಇರುವವರಿಗೆ ಕೇಳ್ಲಿಲ್ಲ' ಎಂದಿತು ಒಂದು ಹೆಂಗಸಿನ ದನಿ. ಅದು ಜಾನಕಿ, ಕೊಯ್ಲಿನಲ್ಲಿ ಎಲ್ಲರಿಗಿಂತ ಮುಂದಿರುವವಳು. ಅವಳ ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಇನ್ನೊಬ್ಬರು ನಕ್ಕರು. ಆಮೇಲೆ ಇಡೀ ಕಣ ನಗತೊಡಗಿತು. ಮೊದಲ ಸಲವೇ ಎಲ್ಲರಿಗೂ ಸರಿಯಾಗಿ ಕೇಳಿಸಿತ್ತು ಎಂದು ನನಗೆ ಆಗ ಹೊಳೆಯಿತು.

'ಕಳ್ಳರು, ಆಟ ಆಡಿಸ್ತಾ ಒಳೊ' ಎಂದು ಗಿರಿಜಳ ಕಡೆ ನೋಡಿದೆ. ಗಾಳಿ ಅಷ್ಟು ಹೊತ್ತಿಗೆ ನಿಂತೇ ಹೋಗಿತ್ತು. ಅವಳು ನನ್ನ ಮೊಣಕೈಗೆ ತಾಗುವಷ್ಟು ಹತ್ತಿರ ನಿಂತು ಸಮುದ್ರ ನೋಡುತ್ತಿದ್ದಳು.

'ನಂಗೂ ಸರಿ ಕೇಳ್ತ್ಲೆ' ಎಂದಳು. 'ಇನ್ನೊಮ್ಮೆ ಹೇಳಿ.'

ನಾನು ಫೋನನ್ನು ಕೆಳಗಿಳಿಸಿ, ಅವಳ ಕಡೆಗೆ ತಿರುಗಿ ಹೇಳಿದೆ.